ಸಾವಿನ ಕಾರಣ ಅಂತ ಬರೆದ ಆ ಒಂದು ಸಾಲು: ಸೈನಿಕರ ಪರಿಹಾರ ಹೇಗೆ ಲೆಕ್ಕವಾಗುತ್ತದೆ?

ಕಳೆದ ತಿಂಗಳು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿಯಿಂದ ಒಬ್ಬ ಹೆಣ್ಣುಮಗಳು ಚಿಂತಾಮಣಿಯ ನಮ್ಮ ಮನೆಗೆ ಬಂದಿದ್ದರು. ಜೊತೆಗೆ ಅವರ ಮಾವ. ರೇಷ್ಮೆ ಹುಳು ಮೂರನೇ ಜ್ವರಕ್ಕೆ, ಅಂದರೆ ಮೇವು ಬಿಟ್ಟು ಪೊರೆ ಕಳಚುವ ಹಂತಕ್ಕೆ, ಕೂತಿದ್ದವಂತೆ. ಸೊಪ್ಪು ಹಾಕೋ ಕೆಲಸ ಇರಲಿಲ್ಲ, ಅರ್ಧ ದಿನ ಬಿಡುವು ಸಿಕ್ಕಿತ್ತು. ಸೀರೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಕಾಗದಗಳನ್ನೆಲ್ಲ ಮಡಚಿ ತಂದಿದ್ದರು. ಗಂಡ ಸೇನೆಯಲ್ಲಿ ನಾಯಕ್ ಆಗಿದ್ದವರು, ಒಂಬತ್ತು ವರ್ಷದ ಸರ್ವಿಸ್. ಗಡಿಯ ಕಡೆ ಡ್ಯೂಟಿಗೆ ಹೋಗುವಾಗ ಗಾಡಿ ಕಂದಕಕ್ಕೆ ಬಿದ್ದು ತೀರಿಕೊಂಡರು.

"ಸಾರ್, ಪೆನ್ಷನ್ ಬರ್ತಾ ಇದೆ. ಆದರೆ ಇಷ್ಟೇನಾ, ಇನ್ನೂ ಇದೆಯಾ ಅಂತ ಹೇಳೋರು ಯಾರೂ ಇಲ್ಲ" ಅಂದರು.

ನಾನು ಸೇನೆಯಲ್ಲಿ ಕ್ಲರ್ಕ್ ಆಗಿದ್ದವನು. ಇಂಥ ಕಾಗದಗಳನ್ನೇ ಟೈಪ್ ಮಾಡಿ, ನಂಬರ್ ಹಾಕಿ, ಮೇಲಕ್ಕೆ ಕಳಿಸಿ ವರ್ಷಗಳನ್ನು ಕಳೆದಿದ್ದೇನೆ. ನಮ್ಮ ಚಿಕ್ಕಬಳ್ಳಾಪುರ, ಕೋಲಾರ ಕಡೆಯಿಂದ ಹುಡುಗರು ಸೇನೆಗೆ ಸೇರುತ್ತಲೇ ಇದ್ದಾರೆ. ಮಗ ಸತ್ತರೆ ಅಥವಾ ಕಾಲು ಕಳೆದುಕೊಂಡರೆ ಏನು ಸಿಗುತ್ತದೆ ಅನ್ನೋದು ಮನೆಯವರಿಗೆ ಗೊತ್ತಿರುವುದಿಲ್ಲ. ಅಪಶಕುನ ಅಂತ ಯಾರೂ ಕೇಳೋದೂ ಇಲ್ಲ. ಆ ಹೆಣ್ಣುಮಗಳಿಗೆ ನಾನು ಕೂತು ವಿವರಿಸಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಊರಲ್ಲಿ ಬ್ಯಾನರ್ ಹಾಕುತ್ತಾರೆ, 'ಹುತಾತ್ಮ ಯೋಧ' ಅಂತ ಬರೆಯುತ್ತಾರೆ, ಹೂವಿನ ಲಾರಿಯಲ್ಲಿ ಮೆರವಣಿಗೆ ಆಗುತ್ತದೆ. ಆ ಗೌರವ ಬೇಕೇ ಬೇಕು. ಆದರೆ ಸೇನೆಯ ಕಡತದಲ್ಲಿ 'ಹುತಾತ್ಮ' ಅನ್ನೋ ಪದವೇ ಇಲ್ಲ. ಕೇಂದ್ರ ಸರ್ಕಾರವೇ ಇದನ್ನು ಸಂಸತ್ತಿನಲ್ಲಿ ಹೇಳಿದೆ. ಅಲ್ಲಿರುವುದು 'ಬ್ಯಾಟಲ್ ಕ್ಯಾಷುಯಲ್ಟಿ' ಅಥವಾ 'ಫಿಸಿಕಲ್ ಕ್ಯಾಷುಯಲ್ಟಿ'. ಕಾರ್ಯಾಚರಣೆಯಲ್ಲಿ ಆದದ್ದು ಮೊದಲನೆಯದು, ಉಳಿದದ್ದು ಎರಡನೆಯದು. ಮನೆಗೆ ಎಷ್ಟು ಬರುತ್ತದೆ ಅನ್ನೋದು ಬ್ಯಾನರಿನಿಂದ ತೀರ್ಮಾನ ಆಗುವುದಿಲ್ಲ. ಸಾವಿಗೆ ಕಾರಣ ಏನು ಅಂತ ಕಡತದಲ್ಲಿ ಬರೆದ ಒಂದು ಸಾಲಿನಿಂದ ಆಗುತ್ತದೆ.

ಆ ಸಾಲನ್ನು ಎ, ಬಿ, ಸಿ, ಡಿ, ಇ ಅಂತ ಐದು ವರ್ಗಗಳಲ್ಲಿ ಒಂದಕ್ಕೆ ಸೇರಿಸುತ್ತಾರೆ. ಸರ್ವಿಸಿಗೆ ಸಂಬಂಧವೇ ಇಲ್ಲದ ಕಾಯಿಲೆ, ಸಾವು ಎ. ಸರ್ವಿಸಿನ ಕಷ್ಟದಿಂದ ಬಂದ ಅಥವಾ ಅದರಿಂದ ಜಾಸ್ತಿಯಾದ ಕಾಯಿಲೆ ಬಿ. ಡ್ಯೂಟಿಯಲ್ಲಿ ಆದ ಅಪಘಾತ ಸಿ. ಭಯೋತ್ಪಾದಕರು, ಸಮಾಜಘಾತುಕರು ನಡೆಸಿದ ಹಿಂಸೆಯಂಥವು ಡಿ. ಶತ್ರುಗಳ ಜೊತೆ ಯುದ್ಧ, ಗಡಿ ಚಕಮಕಿ, ಯುದ್ಧದಂಥ ಪರಿಸ್ಥಿತಿ ಇ. ಕಾರ್ಯಾಚರಣೆ ಪ್ರದೇಶಕ್ಕೆ ಹೋಗುವ ದಾರಿಯಲ್ಲಿ ನೆಲಬಾಂಬು ಸಿಡಿದರೆ ಅದೂ ಇ ವರ್ಗಕ್ಕೇ ಸೇರುತ್ತದೆ.

ಈಗ ದುಡ್ಡಿನ ಲೆಕ್ಕಕ್ಕೆ ಬರೋಣ. ಒಬ್ಬ ನಾಯಕ್‌ನ ಮೂಲ ವೇತನ 29,600 ರೂಪಾಯಿ ಅಂದುಕೊಳ್ಳಿ. ಅದಕ್ಕೆ ಮಿಲಿಟರಿ ಸರ್ವಿಸ್ ಪೇ 5,200 ಸೇರಿಸಿದರೆ 34,800. ಈ ಮೊತ್ತದ ಮೇಲೆ ಪೆನ್ಷನ್ ಲೆಕ್ಕ ಹಾಕುತ್ತಾರೆ. ಎ ವರ್ಗವಾದರೆ ಆರ್ಡಿನರಿ ಫ್ಯಾಮಿಲಿ ಪೆನ್ಷನ್. ಸರ್ವಿಸಿನಲ್ಲಿದ್ದಾಗಲೇ ತೀರಿಕೊಂಡಿದ್ದರೆ ಮೊದಲ ಹತ್ತು ವರ್ಷ ಅರ್ಧ ಸಂಬಳ, ಅಂದರೆ 17,400. ಆಮೇಲೆ ಶೇ 30, ಅಂದರೆ 10,440. ಬಿ ಅಥವಾ ಸಿ ವರ್ಗವಾದರೆ ಸ್ಪೆಷಲ್ ಫ್ಯಾಮಿಲಿ ಪೆನ್ಷನ್, ಶೇ 60, ಅಂದರೆ 20,880. ಡಿ ಅಥವಾ ಇ ಆದರೆ ಲಿಬರಲೈಸ್ಡ್ ಫ್ಯಾಮಿಲಿ ಪೆನ್ಷನ್. ಕೊನೆಯ ಸಂಬಳ ಎಷ್ಟಿತ್ತೋ ಅಷ್ಟೂ, ಪೂರ್ತಿ 34,800. ಎಲ್ಲದರ ಮೇಲೂ ತುಟ್ಟಿಭತ್ಯೆ ಬೇರೆ.

ಸಿ ಅಂತ ಬರೆಯೋದಕ್ಕೂ ಇ ಅಂತ ಬರೆಯೋದಕ್ಕೂ ತಿಂಗಳಿಗೆ 13,920 ರೂಪಾಯಿ ವ್ಯತ್ಯಾಸ. ವರ್ಷಕ್ಕೆ 1,67,040. ಅದೂ ತುಟ್ಟಿಭತ್ಯೆ ಬಿಟ್ಟು. ಮೂವತ್ತೊಂದು ವರ್ಷದ ಹೆಣ್ಣುಮಗಳಿಗೆ ಇನ್ನೂ ನಲವತ್ತು ವರ್ಷದ ಬದುಕಿದೆ ಅಂದರೆ ಆ ಒಂದು ಅಕ್ಷರದ ತೂಕ ಎಷ್ಟು ಅಂತ ನೀವೇ ನೋಡಿ.

ಪೆನ್ಷನ್ ಅಲ್ಲದೆ ಕೇಂದ್ರ ಸರ್ಕಾರ ಒಂದೇ ಸಲ ಕೊಡುವ ಪರಿಹಾರಧನ ಇದೆ. ಎಕ್ಸ್‌ಗ್ರೇಷಿಯಾ ಅನ್ನುತ್ತಾರೆ. 2016ರ ಜನವರಿ 1ರಿಂದ ಲೆಕ್ಕಕ್ಕೆ ಬರುವ ದರ ಹೀಗಿದೆ. ಡ್ಯೂಟಿಯಲ್ಲಿ ಅಪಘಾತ ಆದರೆ 25 ಲಕ್ಷ. ಭಯೋತ್ಪಾದಕರ ಹಿಂಸೆಗೆ ಬಲಿಯಾದರೆ 25 ಲಕ್ಷ. ಗಡಿ ಚಕಮಕಿ ಅಥವಾ ಉಗ್ರರ ವಿರುದ್ಧದ ಕಾರ್ಯಾಚರಣೆಯಲ್ಲಾದರೆ 35 ಲಕ್ಷ. ಎತ್ತರದ ದುರ್ಗಮ ಗಡಿ ಠಾಣೆಗಳಲ್ಲಿ ಹಿಮಪಾತ, ಪ್ರಕೃತಿ ವಿಕೋಪ, ವಿಪರೀತ ಹವೆಯಿಂದಾದರೂ 35 ಲಕ್ಷ. ಯುದ್ಧದಲ್ಲಿ ಶತ್ರುವಿನಿಂದಾದರೆ 45 ಲಕ್ಷ. 2016ರ ಫೆಬ್ರುವರಿಯಲ್ಲಿ ಸಿಯಾಚಿನ್ ಹಿಮದಡಿ ಆರು ದಿನ ಸಿಕ್ಕಿಕೊಂಡು, ಹೊರಗೆ ತೆಗೆದಾಗ ಇನ್ನೂ ಉಸಿರಾಡುತ್ತಿದ್ದ ಧಾರವಾಡ ಜಿಲ್ಲೆಯ ಹನುಮಂತಪ್ಪ ಕೊಪ್ಪದ ನಿಮಗೆಲ್ಲ ನೆನಪಿರಬೇಕು. ಅಲ್ಲಿ ಗುಂಡೇ ಹಾರಿರಲಿಲ್ಲ. ಆದರೂ ಅಂಥ ಜಾಗದಲ್ಲಿ ನಿಲ್ಲುವುದೇ ಒಂದು ಯುದ್ಧ ಅಂತ ನಿಯಮವೂ ಒಪ್ಪಿಕೊಳ್ಳುತ್ತದೆ.

ಗ್ರಾಚ್ಯುಟಿಯೂ ಬರುತ್ತದೆ. ಐದರಿಂದ ಹನ್ನೊಂದು ವರ್ಷದೊಳಗಿನ ಸರ್ವಿಸಾದರೆ ಸಂಬಳ ಮತ್ತು ತುಟ್ಟಿಭತ್ಯೆ ಸೇರಿಸಿದ ಮೊತ್ತದ ಹನ್ನೆರಡು ಪಟ್ಟು. ಇದರ ಜೊತೆ ಸೈನಿಕನ ಸಂಬಳದಿಂದಲೇ ತಿಂಗಳು ತಿಂಗಳು ಕಟ್ಟಿಸಿಕೊಂಡ ಆರ್ಮಿ ಗ್ರೂಪ್ ಇನ್ಶೂರೆನ್ಸ್ ಇದೆ, ಭವಿಷ್ಯ ನಿಧಿ ಇದೆ. ಬ್ಯಾಟಲ್ ಕ್ಯಾಷುಯಲ್ಟಿ ಆಗಿದ್ದರೆ ಅದಕ್ಕೇ ಮೀಸಲಾದ ಕಲ್ಯಾಣ ನಿಧಿಯಿಂದ ಬೇರೆ ಮೊತ್ತ ಕೊಡುತ್ತಾರೆ. 2019ರಲ್ಲಿ ಅದನ್ನು 2 ಲಕ್ಷದಿಂದ 8 ಲಕ್ಷಕ್ಕೆ ಏರಿಸಿದರು.

ಜಾಸ್ತಿ ಜನ ಮರೆಯುವುದು ಬ್ಯಾಂಕನ್ನು. ಸೈನಿಕರ ಸಂಬಳದ ಖಾತೆಯ ಜೊತೆಗೇ ಅಪಘಾತ ವಿಮೆ ಇರುತ್ತದೆ. ಯಾವ ಬ್ಯಾಂಕಿನಲ್ಲಿ ಸಂಬಳ ಬರುತ್ತಿತ್ತೋ ಆ ಶಾಖೆಗೆ ಹೋಗಿ, ಡಿಫೆನ್ಸ್ ಸ್ಯಾಲರಿ ಪ್ಯಾಕೇಜ್ ವಿಮೆ ಇದೆಯಾ ಅಂತ ಬಾಯಿಬಿಟ್ಟು ಕೇಳಬೇಕು. ಅರ್ಜಿ ಹಾಕಲು ಅವಧಿ ಇರುತ್ತದೆ. ಹನ್ನೊಂದನೇ ದಿನದ ಕಾರ್ಯ ಮುಗಿದ ಮೇಲೆ ಮನೆಯಲ್ಲಿ ಯಾರಾದರೂ ಒಬ್ಬರು ಈ ಕೆಲಸ ಹಿಡಿಯಲಿ.

ರಾಜ್ಯ ಸರ್ಕಾರ ಕೊಡುವುದು ಇದೆಲ್ಲಕ್ಕಿಂತ ಬೇರೆ. 2019ರ ಪುಲ್ವಾಮಾ ದಾಳಿಯಲ್ಲಿ ಮಂಡ್ಯದ ಗುರು ತೀರಿಕೊಂಡಾಗ ರಾಜ್ಯ 25 ಲಕ್ಷ ಘೋಷಿಸಿತ್ತು. 2023ರ ನವೆಂಬರ್‌ನಲ್ಲಿ ರಜೌರಿಯಲ್ಲಿ ಕ್ಯಾಪ್ಟನ್ ಎಂ.ವಿ. ಪ್ರಾಂಜಲ್ ಪ್ರಾಣ ಕೊಟ್ಟಾಗ 50 ಲಕ್ಷ. ಅಂದಹಾಗೆ ಗುರು ಇದ್ದದ್ದು ಸಿಆರ್‌ಪಿಎಫ್‌ನಲ್ಲಿ. ಸಿಆರ್‌ಪಿಎಫ್, ಬಿಎಸ್‌ಎಫ್ ಗೃಹ ಸಚಿವಾಲಯದ ಕೆಳಗೆ ಬರುತ್ತವೆ. ಅವರ ಪೆನ್ಷನ್ ನಿಯಮ, ಕಚೇರಿ ಎಲ್ಲ ಬೇರೆ. ನಾನು ಇಲ್ಲಿ ಬರೆಯುತ್ತಿರುವುದು ಭೂಸೇನೆ, ನೌಕಾಪಡೆ, ವಾಯುಪಡೆಯವರ ವಿಷಯ.

ಯಾರ ಕೈಗೆ?

ಮನೆ ಒಡೆಯುವುದು ಇಲ್ಲೇ. ನಾನು ಕಣ್ಣಾರೆ ಕಂಡಿದ್ದೇನೆ. ಸೈನಿಕನಿಗೆ ಮದುವೆ ಆಗಿದ್ದರೆ ಫ್ಯಾಮಿಲಿ ಪೆನ್ಷನ್ ಹೆಂಡತಿಗೆ ಹೋಗುತ್ತದೆ. ಇನ್ಶೂರೆನ್ಸ್ ದುಡ್ಡು ನಾಮಿನಿಗೆ. ಮದುವೆಗೆ ಮುಂಚೆ ಅಮ್ಮನ ಹೆಸರು ಕೊಟ್ಟು, ಆಮೇಲೆ ಬದಲಾಯಿಸದೆ ಬಿಟ್ಟವರು ಬೇಕಾದಷ್ಟು ಜನ. ಮದುವೆಯಾದ ಮೇಲೆ ಬದಲಾಯಿಸುವಾಗ ಅಪ್ಪ ಅಮ್ಮನಿಗೂ ಒಂದು ಪಾಲು ಬರೆಯಬಹುದು ಅನ್ನೋದು ಎಷ್ಟೋ ಹುಡುಗರಿಗೆ ಗೊತ್ತೇ ಇರುವುದಿಲ್ಲ. ರಜೆಗೆ ಬಂದ ಮಗನನ್ನು ಕೂರಿಸಿಕೊಂಡು ಕೇಳಿ. ಅದು ಆಸೆಬುರುಕತನ ಅಲ್ಲ.

ಮದುವೆಯಾಗದ ಹುಡುಗ ಡಿ ಅಥವಾ ಇ ವರ್ಗದಲ್ಲಿ ಪ್ರಾಣ ಬಿಟ್ಟರೆ ತಂದೆ ತಾಯಿಗೆ ಲಿಬರಲೈಸ್ಡ್ ಪೆನ್ಷನ್ನಿನ ಶೇ 75 ಬರುತ್ತದೆ. ಒಬ್ಬರೇ ಉಳಿದಿದ್ದರೆ ಶೇ 60. ಅವರಿಗೆ ಎಷ್ಟು ಜಮೀನಿದೆ, ಎಷ್ಟು ಆದಾಯ ಅಂತ ನೋಡುವ ಹಾಗಿಲ್ಲ.

ಇನ್ನೊಂದು ಮಾತು. ಮರುಮದುವೆಯಾದರೆ ಪೆನ್ಷನ್ ನಿಂತೇ ಹೋಗುತ್ತದೆ ಅಂತ ಹೆದರಿಸುವವರಿದ್ದಾರೆ. ಲಿಬರಲೈಸ್ಡ್ ಪೆನ್ಷನ್ ಪಡೆಯುವ ಹೆಣ್ಣುಮಗಳು ಮತ್ತೆ ಮದುವೆಯಾಗಿ, ಮೊದಲ ಗಂಡನ ಮಕ್ಕಳನ್ನು ಸಾಕುತ್ತಿದ್ದರೆ ಪೆನ್ಷನ್ ಮುಂದುವರಿಯುತ್ತದೆ. ಶೌರ್ಯ ಪದಕದ ಭತ್ಯೆಗೂ ಮರುಮದುವೆ ಅಡ್ಡಿ ಅಲ್ಲ. ಆ ಷರತ್ತನ್ನು 2017ರಲ್ಲಿ ತೆಗೆದುಹಾಕಿದರು. ಇಪ್ಪತ್ತೈದನೇ ವಯಸ್ಸಿಗೆ ಗಂಡನನ್ನು ಕಳೆದುಕೊಂಡ ಹುಡುಗಿಯನ್ನು ಪೆನ್ಷನ್ ಹೆಸರು ಹೇಳಿ ಕಟ್ಟಿಹಾಕಬೇಡಿ ಅಂತ ಕೈಮುಗಿದು ಕೇಳುತ್ತೇನೆ.

ಗಾಯಗೊಂಡು ಮನೆಗೆ ಬಂದವರಿಗೆ

ಸತ್ತವರ ಮನೆಗೆ ಮಂತ್ರಿಗಳಾದರೂ ಬರುತ್ತಾರೆ. ಬೆನ್ನುಮೂಳೆ ಮುರಿದುಕೊಂಡು ಬಂದವನ ಮನೆಗೆ ಯಾರೂ ಬರುವುದಿಲ್ಲ. ಅವನ ಕಡತದಲ್ಲೂ ಕಾರಣದ ಸಾಲೇ ಮುಖ್ಯ, ಅದರ ಜೊತೆ ಶೇಕಡಾವಾರು ಅಂಗವೈಕಲ್ಯ.

ಎರಡನ್ನೂ ದಾಖಲು ಮಾಡುವುದು ಮೆಡಿಕಲ್ ಬೋರ್ಡ್. ಕಾಯಿಲೆ ಅಥವಾ ಗಾಯ ಸರ್ವಿಸಿನಿಂದ ಬಂತಾ, ಅಥವಾ ಸರ್ವಿಸಿನಿಂದ ಜಾಸ್ತಿಯಾಯಿತಾ ಅಂತ ಬರೆಯುತ್ತಾರೆ. ಎಷ್ಟು ಪರ್ಸೆಂಟ್ ಅಂತಲೂ ಬರೆಯುತ್ತಾರೆ. ಕನಿಷ್ಠ ಶೇ 20 ಇರಬೇಕು. ಅದೇ 34,800ರ ಲೆಕ್ಕದಲ್ಲಿ ಶೇ 100 ಅಂಗವೈಕಲ್ಯವಾದರೆ ಡಿಸೆಬಿಲಿಟಿ ಎಲಿಮೆಂಟ್ (ಪೆನ್ಷನ್ನಿನಲ್ಲಿ ಅಂಗವೈಕಲ್ಯಕ್ಕೆ ಸಿಗುವ ಭಾಗ) ಶೇ 30, ಅಂದರೆ 10,440. ಪರ್ಸೆಂಟ್ ಕಮ್ಮಿ ಆದ ಹಾಗೆ ಇದೂ ಕಮ್ಮಿ. ಸೇನೆ ಅವನನ್ನು ಇದೇ ಕಾರಣಕ್ಕೆ ಮನೆಗೆ ಕಳಿಸಿದ್ದರೆ ಇದರ ಜೊತೆ ಸರ್ವಿಸ್ ಎಲಿಮೆಂಟ್, ಅಂದರೆ ಮಾಡಿದ ಸರ್ವಿಸಿಗೆ ಸಿಗುವ ಭಾಗ, ಬೇರೆ ಬರುತ್ತದೆ.

ಅದೇ ಗಾಯ ಡಿ ಅಥವಾ ಇ ವರ್ಗದ್ದಾದರೆ ಅದು ವಾರ್ ಇಂಜುರಿ ಪೆನ್ಷನ್. ಸೇನೆಯಿಂದ ಬಿಡಿಸಿ ಕಳಿಸಿದ್ದರೆ ಶೇ 100 ಅಂಗವೈಕಲ್ಯಕ್ಕೆ ವಾರ್ ಇಂಜುರಿ ಎಲಿಮೆಂಟ್ 10,440 ಅಲ್ಲ, ಪೂರ್ತಿ 34,800. ಕಾಲು ಒಂದೇ, ನೋವು ಒಂದೇ, ಕಾರಣದ ಸಾಲು ಮಾತ್ರ ಬೇರೆ.

ರೌಂಡಿಂಗ್ ಅಂತ ಒಂದು ನಿಯಮ ಇದೆ, ಬ್ರಾಡ್ ಬ್ಯಾಂಡಿಂಗ್ ಅಂತಲೂ ಕರೆಯುತ್ತಾರೆ. ಅಂಗವೈಕಲ್ಯ 50ಕ್ಕಿಂತ ಕಮ್ಮಿ ಇದ್ದರೆ 50 ಅಂತ, 50ರಿಂದ 75 ಇದ್ದರೆ 75 ಅಂತ, ಅದಕ್ಕೂ ಮೇಲಿದ್ದರೆ 100 ಅಂತ ಲೆಕ್ಕ ಹಿಡಿಯುತ್ತಾರೆ. ಮೊದಲು ಇದು ಅಂಗವೈಕಲ್ಯದ ಕಾರಣಕ್ಕೆ ಸೇನೆಯೇ ಅವಧಿಗೆ ಮುಂಚೆ ಮನೆಗೆ ಕಳಿಸಿದವರಿಗೆ ಮಾತ್ರ ಅನ್ನುತ್ತಿದ್ದರು. 2014ರ ಡಿಸೆಂಬರ್‌ನಲ್ಲಿ ರಾಮ್ ಅವತಾರ್ ಕೇಸಿನಲ್ಲಿ ಸುಪ್ರೀಂ ಕೋರ್ಟ್, ಅವಧಿ ಮುಗಿಸಿ ಅಂಗವೈಕಲ್ಯದೊಂದಿಗೆ ನಿವೃತ್ತರಾದವರಿಗೂ ಇದು ಸಿಗಬೇಕು ಅಂತ ಹೇಳಿತು. 2023ರ ಸೆಪ್ಟೆಂಬರ್‌ನಿಂದ ಹೊಸ ನಿಯಮಗಳು ಬಂದಿವೆ. ಹಾಗಾಗಿ ಯಾವ ತಾರೀಖಿಗೆ ಬಿಡುಗಡೆ ಆಯಿತು ಅನ್ನೋದನ್ನು ನೋಡಿಕೊಂಡೇ ಮಾತಾಡಬೇಕು. ಹಳಬರಿಗೆ ಸಿಕ್ಕಿದ್ದು ಹೊಸಬರಿಗೂ ಹಾಗೇ ಸಿಗುತ್ತದೆ ಅಂತ ಸುಮ್ನೆ ಅಂದುಕೊಳ್ಳಬಾರದು.

ಕಾಯಿಲೆಯ ಕೇಸುಗಳಲ್ಲಿ ಒಂದು ತೀರ್ಪು ಎಷ್ಟೋ ಮನೆಗಳನ್ನು ಉಳಿಸಿದೆ. ಧರ್ಮವೀರ್ ಸಿಂಗ್ ಅನ್ನುವವರು 1985ರಲ್ಲಿ ಸೇನೆಯ ಸಂಪರ್ಕ ವಿಭಾಗವಾದ ಸಿಗ್ನಲ್ಸ್‌ಗೆ ಸೇರಿದರು. 1994ರಲ್ಲಿ ಮೂರ್ಛೆ ರೋಗ ಅಂತ ಅವರನ್ನು ಮನೆಗೆ ಕಳಿಸಿದರು. ಕಾಯಿಲೆಗೂ ಸೇನೆಗೂ ಸಂಬಂಧ ಇಲ್ಲ, ಪೆನ್ಷನ್ ಇಲ್ಲ ಅಂದರು. 2013ರಲ್ಲಿ ಸುಪ್ರೀಂ ಕೋರ್ಟ್ ಕೇಳಿದ್ದು ನೇರವಾದ ಪ್ರಶ್ನೆ. ಸೇರಿಸಿಕೊಳ್ಳುವಾಗ ನೀವೇ ತಪಾಸಣೆ ಮಾಡಿದ್ದೀರಿ. ಆಗ ಕಾಯಿಲೆ ಇದೆ ಅಂತ ಬರೆದಿಲ್ಲ. ಹಾಗಾದರೆ ಆಮೇಲೆ ಬಂದದ್ದು ಸರ್ವಿಸಿನಿಂದಲ್ಲ ಅಂತ ತೋರಿಸಬೇಕಾದವರು ಯಾರು? ಅದು ಸೈನಿಕನ ಕೆಲಸ ಅಲ್ಲ, ಸರ್ಕಾರದ ಕೆಲಸ ಅಂತ ಕೋರ್ಟ್ ಹೇಳಿತು.

ರಜೆಯಲ್ಲಾದ ಗಾಯದ್ದು ಬೇರೆ ಕಥೆ. ಯೂನಿಟ್‌ನಿಂದ ರಜೆಗೆ ಊರಿಗೆ ಹೊರಟು ದಾರಿಯಲ್ಲಿ, ಅಥವಾ ರಜೆ ಮುಗಿಸಿ ವಾಪಸು ಹೋಗುವಾಗ ಅಪಘಾತ ಆದರೆ ಅದನ್ನು ಡ್ಯೂಟಿ ಅಂತಲೇ ಪರಿಗಣಿಸುತ್ತಾರೆ. ಆದರೆ ಊರಲ್ಲಿದ್ದಾಗ ಸಂತೆಗೆ ಬೈಕಿನಲ್ಲಿ ಹೋಗಿ ಬಿದ್ದರೆ ಹಾಗಾಗುವುದಿಲ್ಲ. 2015ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ ಒಂದು ಕೇಸಿನಲ್ಲಿ ಸೈನಿಕ ರಜೆಯಲ್ಲಿ ಅಕ್ಕತಂಗಿಯ ಮನೆಯಲ್ಲಿ ಬಿದ್ದು ಗಾಯ ಮಾಡಿಕೊಂಡಿದ್ದರು. ಸರ್ವಿಸಿಗೂ ಅದಕ್ಕೂ ಸಂಬಂಧ ಇಲ್ಲ ಅಂತ ಕೋರ್ಟ್ ಪೆನ್ಷನ್ ನಿರಾಕರಿಸಿತು. ಆದ್ದರಿಂದ ಪ್ರಯಾಣದ ಟಿಕೆಟ್, ರಜೆಯ ಚೀಟಿ ಎಸೆಯಬೇಡಿ. ಬಂಗಾರಪೇಟೆ ಸ್ಟೇಷನ್ನಿನಲ್ಲಿ ಇಳಿದು ಮನೆಗೆ ಬರುವ ದಾರಿಯಲ್ಲಿ ಏನಾದರೂ ಆದರೆ, ಅವನು ಆ ಹೊತ್ತಿಗೆ ಮನೆ ತಲುಪಿರಲಿಲ್ಲ ಅಂತ ಹೇಳುವುದು ಆ ಟಿಕೆಟ್ಟೇ.

ಅಗ್ನಿವೀರರಾದರೆ

2022ರಿಂದ ಸೇರುತ್ತಿರುವ ನಮ್ಮ ಹುಡುಗರೆಲ್ಲ ಅಗ್ನಿವೀರರು, ಅಂದರೆ ನಾಲ್ಕು ವರ್ಷದ ಅವಧಿಗೆ ಸೇರಿಸಿಕೊಂಡವರು. ಇವರಿಗೆ ಮೇಲೆ ಹೇಳಿದ ಪೆನ್ಷನ್ ಯಾವುದೂ ಇಲ್ಲ. ಇದನ್ನು ಮನೆಯವರು ಮೊದಲೇ ತಿಳಿದಿರಬೇಕು. ಇವರಿಗೆ 48 ಲಕ್ಷದ ವಿಮೆ ಇದೆ, ಅದಕ್ಕೆ ಸಂಬಳದಿಂದ ಏನೂ ಮುರಿಯುವುದಿಲ್ಲ. ಸರ್ವಿಸಿನ ಕಾರಣದಿಂದ ಸತ್ತರೆ ವಿಮೆಯ ಜೊತೆ 44 ಲಕ್ಷ ಪರಿಹಾರಧನ, ನಾಲ್ಕು ವರ್ಷ ಮುಗಿಯಲು ಉಳಿದಿದ್ದ ಅವಧಿಯ ಪೂರ್ತಿ ಸಂಬಳ, ಸೇವಾ ನಿಧಿ (ಸಂಬಳದಿಂದ ಹಿಡಿದ ಹಣಕ್ಕೆ ಸರ್ಕಾರವೂ ಸೇರಿಸಿ ಕೂಡಿಡುವ ಮೊತ್ತ) ಎಲ್ಲ ಸೇರುತ್ತದೆ. ಸರ್ವಿಸಿಗೆ ಸಂಬಂಧ ಇಲ್ಲದ ಸಾವಾದರೆ ವಿಮೆ ಮತ್ತು ಅಲ್ಲಿಯವರೆಗೆ ಕೂಡಿದ ಸೇವಾ ನಿಧಿ ಅಷ್ಟೇ. ಸರ್ವಿಸಿನ ಕಾರಣದಿಂದ ಅಂಗವಿಕಲರಾದರೆ ಶೇ 100ಕ್ಕೆ 44 ಲಕ್ಷ, 75ಕ್ಕೆ 25 ಲಕ್ಷ, 50ಕ್ಕೆ 15 ಲಕ್ಷ.

2024ರ ಜನವರಿಯಲ್ಲಿ ನೆಲಬಾಂಬು ಸ್ಫೋಟದಲ್ಲಿ ತೀರಿಕೊಂಡ ಪಂಜಾಬಿನ ಅಗ್ನಿವೀರನ ವಿಷಯ ಆ ವರ್ಷ ಸಂಸತ್ತಿನಲ್ಲೂ ಎದ್ದಿತ್ತು. ಮನೆಯವರಿಗೆ 98.39 ಲಕ್ಷ ಕೊಟ್ಟಾಗಿದೆ, ಒಟ್ಟು ಸುಮಾರು 1.65 ಕೋಟಿ ಆಗುತ್ತದೆ ಅಂತ ಆಗ ಸೇನೆ ಹೇಳಿಕೆ ಕೊಟ್ಟಿತು. ದೊಡ್ಡ ಮೊತ್ತವೇ. ಆದರೆ ಅಪ್ಪ ಅಮ್ಮನ ಕೊನೆಗಾಲದವರೆಗೆ ತಿಂಗಳು ತಿಂಗಳು ಬರುವ ಪೆನ್ಷನ್ನಿಗೆ ಅದು ಸಮ ಅಂತ ನನಗೆ ಅನ್ನಿಸುವುದಿಲ್ಲ. ಒಂದೇ ಗಡಿಯಲ್ಲಿ, ಒಂದೇ ಬಂಕರಿನಲ್ಲಿ ನಿಂತ ಇಬ್ಬರಲ್ಲಿ ಒಬ್ಬನ ಮನೆಗೆ ಪೆನ್ಷನ್ ಬಂದು, ಇನ್ನೊಬ್ಬನ ಮನೆಗೆ ಬಾರದೇ ಇರುವುದು ಸರಿಯಲ್ಲ. ಇದನ್ನು ಬದಲಾಯಿಸಬೇಕು.

ಕಾಗದ

ಶಿಡ್ಲಘಟ್ಟದ ಆ ಹೆಣ್ಣುಮಗಳ ಕವರನ್ನು ಚಾಪೆಯ ಮೇಲೆ ಸುರಿದು ಒಂದೊಂದೇ ಬಿಡಿಸಿದೆವು. ಎರಡು ಸಮಸ್ಯೆ ಕಂಡವು. ಒಂದು, ಹೆಸರು. ಆಧಾರ್‌ನಲ್ಲಿ ಹೆಸರಿನ ಕೊನೆಗೆ 'ಅಮ್ಮ' ಇತ್ತು. ಸೇನೆಯ ದಾಖಲೆಯಲ್ಲಿ ಇರಲಿಲ್ಲ. ನಮ್ಮ ಕಡೆ ಇದು ಮನೆಮನೆಯ ಕಥೆ ಅಲ್ವಾ? ಮದುವೆಯಾದಾಗ, ಮಗು ಹುಟ್ಟಿದಾಗ ಸೈನಿಕ ಯೂನಿಟ್‌ನಲ್ಲಿ ತಿಳಿಸಬೇಕು. ಅವರು ಅದನ್ನು ಪಾರ್ಟ್ ಟೂ ಆರ್ಡರ್‌ನಲ್ಲಿ ಹಾಕುತ್ತಾರೆ. ಹೆಂಡತಿ ಹೆಂಡತಿಯೇ, ಮಗು ಮಗುವೇ ಅಂತ ಸೇನೆಗೆ ತಿಳಿಯುವುದು ಆ ಆರ್ಡರ್‌ನಿಂದ. ಅದರಲ್ಲಿ ಒಂದಕ್ಷರ ಹೆಚ್ಚುಕಮ್ಮಿ ಇದ್ದರೂ ಸ್ಪರ್ಶ್ ಅನ್ನುವ ಪೆನ್ಷನ್ ಪೋರ್ಟಲ್‌ನಲ್ಲಿ ತೊಡಕಾಗುತ್ತದೆ. ಅವರ ಎರಡನೇ ಮಗುವಿನ ಹೆಸರಂತೂ ದಾಖಲೆಗೆ ಏರಿರಲೇ ಇಲ್ಲ. ಅದು ಏರದಿದ್ದರೆ ಆ ಮಗುವಿನ ಓದಿನ ಖರ್ಚು ಬರುವುದೂ ಕಷ್ಟ. ಕಾರ್ಯಾಚರಣೆಯಲ್ಲಿ ಪ್ರಾಣ ಬಿಟ್ಟವರ, ಅಂಗವಿಕಲರಾದವರ ಮಕ್ಕಳ ಶಾಲಾ ಶುಲ್ಕವನ್ನು ಕೇಂದ್ರವೇ ಕೊಡುತ್ತದೆ. ತಿಂಗಳಿಗೆ 10,000ಕ್ಕಿಂತ ಜಾಸ್ತಿ ಇಲ್ಲ ಅಂತಿದ್ದ ಮಿತಿಯನ್ನೂ 2018ರಲ್ಲಿ ತೆಗೆದಿದ್ದಾರೆ.

ಎರಡನೆಯದು ದೊಡ್ಡದು. ಪೆನ್ಷನ್ ಆದೇಶದಲ್ಲಿ, ಅಂದರೆ ಪಿಪಿಒದಲ್ಲಿ, 'ಸ್ಪೆಷಲ್ ಫ್ಯಾಮಿಲಿ ಪೆನ್ಷನ್' ಅಂತ ಇತ್ತು. ಸಾವು ಆದ ದಿನ ಬಂದ ಮೊದಲ ಸಂದೇಶದಲ್ಲಿ 'ವಾಹನ ಅಪಘಾತ' ಅಂತಷ್ಟೇ ಬರೆದಿದ್ದರು. ಆದರೆ ಮಾವ ಇನ್ನೊಂದು ಕಾಗದ ತೆಗೆದರು. ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಇದ್ದದ್ದರಿಂದ ಯಾರೂ ಓದಿರಲಿಲ್ಲ. ವಿಚಾರಣೆಯ, ಅಂದರೆ ಕೋರ್ಟ್ ಆಫ್ ಇನ್‌ಕ್ವೈರಿಯ ಪ್ರತಿ. ಅದರ ಮೂರನೇ ಪುಟದಲ್ಲಿ ಗಾಡಿ ಕಂದಕಕ್ಕೆ ಬೀಳುವ ಮೊದಲು ರಸ್ತೆಯಲ್ಲಿ ಸ್ಫೋಟ ಆಗಿತ್ತು ಅಂತ ಸ್ಪಷ್ಟವಾಗಿ ಬರೆದಿತ್ತು. ನಾನು ಕನ್ನಡದಲ್ಲಿ ಓದಿ ಹೇಳಿದೆ. ಆ ಅಜ್ಜ ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ, "ಅವನು ಗಾಡಿ ಸರಿಯಾಗಿ ಓಡಿಸಲಿಲ್ಲ ಅಂತ ಊರಲ್ಲಿ ಯಾರೋ ಅಂದಿದ್ದರು" ಅಂದರು.

ನೀವೂ ಮೊದಲು ಕೇಳಬೇಕಾದದ್ದು ಆ ವಿಚಾರಣೆಯ ಪ್ರತಿಯನ್ನೇ. ಗಂಡನ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಬರೆಯಿರಿ. ಮದ್ರಾಸ್ ಎಂಜಿನಿಯರ್ ಗ್ರೂಪ್ ಆದರೆ ಬೆಂಗಳೂರು, ಮರಾಠಾ ಲೈಟ್ ಇನ್‌ಫೆಂಟ್ರಿ ಆದರೆ ಬೆಳಗಾವಿ, ಮದ್ರಾಸ್ ರೆಜಿಮೆಂಟ್ ಆದರೆ ತಮಿಳುನಾಡಿನ ವೆಲ್ಲಿಂಗ್ಟನ್. ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯವರು ಅರ್ಜಿ ಬರೆಯಲು ನೆರವಾಗುತ್ತಾರೆ. ಪ್ರತಿ ಪತ್ರದಲ್ಲೂ ಸರ್ವಿಸ್ ನಂಬರ್ ಮತ್ತು ಪಿಪಿಒ ನಂಬರ್ ಇರಲಿ. ಡಿಸೆಬಿಲಿಟಿ ಪೆನ್ಷನ್ ಇಲ್ಲ ಅಂತ ಉತ್ತರ ಬಂದರೆ ಆರು ತಿಂಗಳೊಳಗೆ ಮೊದಲ ಮೇಲ್ಮನವಿ ಹಾಕಬೇಕು, ಅದೂ ಆಗದಿದ್ದರೆ ಎರಡನೇದು. ಅಲ್ಲೂ ನ್ಯಾಯ ಸಿಗದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ, 2009ರಿಂದ ನಡೆಯುತ್ತಿದೆ. ವಕೀಲರ ಫೀಸಿಗೆ ಹೆದರಬೇಡಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ನಿಮ್ಮ ಜಿಲ್ಲಾ ಕೋರ್ಟಿನಲ್ಲೇ ಇರುತ್ತದೆ.

ತಡ ಮಾತ್ರ ಮಾಡಬೇಡಿ. ತರ್ಸೇಮ್ ಸಿಂಗ್ ಅನ್ನುವ ಸೈನಿಕರನ್ನು 1983ರಲ್ಲಿ ಸೇನೆಯಿಂದ ಬಿಡಿಸಿ ಕಳಿಸಿದರು. ಅವರು ಕೋರ್ಟಿಗೆ ಹೋದದ್ದು 1999ರಲ್ಲಿ. ಪೆನ್ಷನ್ ಹಕ್ಕು ತಡದಿಂದ ಸಾಯುವುದಿಲ್ಲ, ಆದರೆ ಬಾಕಿ ಹಣ ಅರ್ಜಿಗೆ ಹಿಂದಿನ ಮೂರು ವರ್ಷದ್ದು ಮಾತ್ರ ಅಂತ 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಉಳಿದ ಹದಿಮೂರು ವರ್ಷದ ದುಡ್ಡು ಹೋಯಿತು.

ಆ ದಿನ ಮಧ್ಯಾಹ್ನ ನಾವು ಮೂರು ಪತ್ರ ಬರೆದೆವು. ಹೆಸರು ಸರಿಪಡಿಸಲು ಒಂದು, ಮಗುವನ್ನು ಸೇರಿಸಲು ಒಂದು, ವಿಚಾರಣೆ ವರದಿಯ ಪ್ರಕಾರ ಲಿಬರಲೈಸ್ಡ್ ಫ್ಯಾಮಿಲಿ ಪೆನ್ಷನ್‌ಗೆ ಬದಲಾಯಿಸಿ ಅಂತ ಒಂದು. ಮೂರನೇ ಪುಟದ ಜೆರಾಕ್ಸ್ ಲಗತ್ತಿಸಿ, ಆ ಸಾಲಿನ ಕೆಳಗೆ ಗೆರೆ ಎಳೆದೆ. ಅಂಚೆ ಕಚೇರಿಯಲ್ಲಿ ಪತ್ರ ಕೊಟ್ಟು ಪಡೆದ ರಸೀದಿಗಳನ್ನು ಅವರು ಎರಡು ಸಲ ಎಣಿಸಿ ಕವರಿನೊಳಗೆ ಇಟ್ಟರು. ಸಂಜೆಗೆ ಹುಳು ಜ್ವರದಿಂದ ಏಳುತ್ತವೆ, ಸೊಪ್ಪು ಕೊಯ್ಯಬೇಕು ಅಂತ ನಾಲ್ಕೂವರೆ ಬಸ್ಸಿಗೆ ಹೊರಟರು.